ಹೆಸರು ಕೇಳಬಾರದ ಔಷಧ

ನಮ್ಮ ಆಯಿ ಕಾಮಾಲೆಗೆ ಔಷಧ ಕೊಡುತ್ತಿದ್ದಳು. ಆಯಿ ಅಂದರೆ ಅವ್ವನ ತಾಯಿ. ಖಾನಾಪುರದಲ್ಲಿ ಮಾಮಾನ ಮನೆಯಲ್ಲಿ ಇದ್ದಾಳೆ. ಭಾನುವಾರ ಮತ್ತು ಗುರುವಾರ ಬೆಳಿಗ್ಗೆ ಆ ಮನೆಯ ಅಂಗಳದಲ್ಲಿ ಹಳದಿ ಕಣ್ಣಿನವರು ಸಾಲಾಗಿ ಕೂತಿರುತ್ತಿದ್ದರು. ಲೋಂಡಾ ಕಡೆಯಿಂದ ಮೊದಲ ರೈಲು ಹಿಡಿದು ಬಂದವರು, ಊರಿನ ಮುಸಲ್ಮಾನರ ಮನೆಗಳಿಂದ ಮಕ್ಕಳನ್ನು ಎತ್ತಿಕೊಂಡು ಬಂದ ಹೆಂಗಸರು, ಬೆಳಗಾವಿಯಿಂದ ಕಾರಿನಲ್ಲಿ ಬಂದು ಯಾರಾದರೂ ನೋಡಿಯಾರೆಂದು ಕಾರನ್ನು ದೂರ ನಿಲ್ಲಿಸಿದವರು. ಅರ್ಧ ಜನ ಮರಾಠಿಯಲ್ಲಿ, ಅರ್ಧ ಜನ ಕನ್ನಡದಲ್ಲಿ ತಮ್ಮ ತಮ್ಮ ಹೊಟ್ಟೆಯ ಕಥೆ ಹೇಳುತ್ತಿದ್ದರು. ಆಯಿ ಯಾವ ಕಥೆಯನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಅವಳದು ಎಲ್ಲರಿಗೂ ಒಂದೇ ಪ್ರಶ್ನೆ.

“ಹೊಟ್ಯಾಗ ಬ್ಯಾರೆ ಏನರ ಔಷಧ ಐತೇನು?”

ಇಲ್ಲ ಎಂದವರಿಗೆ ಮಜ್ಜಿಗೆಯಲ್ಲಿ ಕದಡಿದ ಹಸಿರು ರಸ ಸಿಗುತ್ತಿತ್ತು. ಇದೆ ಎಂದವರು ಅದನ್ನು ಮುಗಿಸಿಕೊಂಡು ಬರಬೇಕು. ಒಂದು ಹೊಟ್ಟೆಯಲ್ಲಿ ಎರಡು ಔಷಧ ಕೂಡಬಾರದು ಎಂಬುದು ಅವಳ ನೇಮ. ಇನ್ನೂ ನೇಮಗಳಿದ್ದವು. ಸೊಪ್ಪು ತರಲು ಹಿತ್ತಲಿಗೆ ಒಬ್ಬಳೇ ಹೋಗಬೇಕು, ಹೋಗುವಾಗ ಯಾರನ್ನೂ ಮಾತಾಡಿಸಬಾರದು. ದುಡ್ಡು ಮುಟ್ಟಬಾರದು. ಎಣ್ಣೆ, ಖಾರ ಬಿಟ್ಟು ಪಥ್ಯ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ನೇಮವೆಂದರೆ ಆ ಸೊಪ್ಪಿನ ಹೆಸರನ್ನು ಅವಳು ಹೇಳುವಂತಿರಲಿಲ್ಲ, ಉಳಿದವರು ಕೇಳುವಂತಿರಲಿಲ್ಲ. ಹೆಸರು ಬಾಯಿಬಿಟ್ಟರೆ ಕೈಗುಣ ಹೋಗುತ್ತದೆ. ಆಯಿಗೆ ಅವಳ ಅತ್ತೆ ಕೊನೆಗಾಲದಲ್ಲಿ ಕಿವಿಯಲ್ಲಿ ಹೇಳಿ ಹೋಗಿದ್ದಳಂತೆ. ಆಯಿ ತನ್ನ ಕಾಲ ಬಂದಾಗ ಅವ್ವನ ಕಿವಿಯಲ್ಲಿ ಹೇಳುವವಳಿದ್ದಳು. ಅವ್ವ ಮದುವೆಯಾದಾಗಿನಿಂದ ಇದಕ್ಕಾಗಿ ಕಾದಿದ್ದಳು. ತಾಯಿ ಸಾಯಲಿ ಎಂದೇನಲ್ಲ, ಆದರೂ ಕಾದಿದ್ದಳು.

ಚಿಕ್ಕವಳಿದ್ದಾಗ ನಾನು ಒಮ್ಮೆ ಕೇಳಿದ್ದೆ, “ಆಯಿ, ಇದು ಯಾವ ತಪ್ಪಲಾ?” ಅಂತ. ನಮ್ಮ ಕಡೆ ಎಲೆಗೆ ತಪ್ಪಲು ಅನ್ನುತ್ತಾರೆ. ಆಯಿ ಕೇಳಿಸದವಳ ಹಾಗೆ ಒಳಗೆ ಹೋದಳು, ಅವ್ವ ನನ್ನ ತೊಡೆ ಚಿವುಟಿದಳು. “ಔಷಧದ ಹೆಸರ ಕೇಳಬಾರ್ದು. ಕೇಳಿದ್ರ ಹತ್ತಂಗಿಲ್ಲ.” ನನ್ನ ತಮ್ಮ ಆಗ ಅವಳ ತೊಡೆಯ ಮೇಲಿದ್ದ. ಮುಂದೆ ಅವನು ಆ ಮಾತನ್ನು ಎಷ್ಟೋ ಸಲ ಕೇಳಿ ಬೆಳೆದ. ಹೇಳಿಕೊಟ್ಟದ್ದನ್ನು ಚೆನ್ನಾಗಿ ಕಲಿಯುವ ಹುಡುಗ ಅವನು.

ಆ ಹಸಿರು ರಸದಿಂದ ಜನರಿಗೆ ವಾಸಿಯಾಗುತ್ತಿತ್ತೋ, ಸುಮ್ಮನೆ ದಿನ ಕಳೆದದ್ದಕ್ಕೆ ವಾಸಿಯಾಗುತ್ತಿತ್ತೋ ನನಗೆ ಗೊತ್ತಿಲ್ಲ. ವಾಸಿಯಾದವರು ತೆಂಗಿನಕಾಯಿ ಹಿಡಿದು ಬಂದು ಕಾಲಿಗೆ ಬೀಳುತ್ತಿದ್ದರು. ಆಗದವರು ಹೇಳಲಿಕ್ಕೆ ವಾಪಸು ಬರುತ್ತಿರಲಿಲ್ಲ.

ನಾವು ಇರುವುದು ಬೆಳಗಾವಿಯಲ್ಲಿ, ಟಿಳಕವಾಡಿಯ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ. ಅಪ್ಪನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ. ನಾನೂ ಅಲ್ಲೇ ಇನ್ನೊಂದು ಕಾರ್ಖಾನೆಯ ಆಫೀಸಿಗೆ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಕುಡಿತದಿಂದ ಕೆಟ್ಟವರನ್ನು, ಕುಡಿದು ಬಂದು ಮಶೀನಿಗೆ ಬೆರಳು ಕೊಟ್ಟವರನ್ನು ಅಪ್ಪ ಕಣ್ಣಾರೆ ಕಂಡಿದ್ದಾನೆ. ಹೀಗಾಗಿ ತಮ್ಮನಿಗೆ ಮೀಸೆ ಚಿಗುರಿದ ದಿನದಿಂದ ಮನೆಯಲ್ಲಿ, ಲಾರಿ ತಡೆದು ಮಾಲು ನೋಡುವಂಥ, ಒಂದು ಜಕಾತಿ ನಾಕಾ ಶುರುವಾಯಿತು. ಸಂಜೆ ತಮ್ಮ ಮನೆಗೆ ಬಂದ ಕೂಡಲೇ ಅಪ್ಪನ ಮುಂದೆ ನಿಲ್ಲಬೇಕು. “ಬಾಯಿ ತಗಿ” ಎಂದು ಅಪ್ಪ ಮೂಸುತ್ತಿದ್ದ. ಆಮೇಲೆ ಕಿಸೆ ತಟ್ಟುತ್ತಿದ್ದ. ಸಿಗರೇಟು, ಗುಟಕಾ, ಬಿಯರು, ಈ ಮೂರನ್ನು ತಡೆದರೆ ಮಗ ಉಳಿದಂತೆ ಎಂಬುದು ಅವನ ಲೆಕ್ಕ.

ತಮ್ಮ ಪಿಯುಸಿ ಎರಡನೇ ವರ್ಷದಲ್ಲಿದ್ದ, ವಿಜ್ಞಾನ. ಕಾಲೇಜು ಮುಗಿಸಿ ಟ್ಯೂಷನ್ನು, ಟ್ಯೂಷನ್ ಮುಗಿಸಿ ಮನೆಯಲ್ಲಿ ಓದು. ಒಂದು ದಿನ ಅವ್ವ ಅವನ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುವಾಗ ಒಂದು ಪಾಕೀಟು ಕೈಗೆ ಸಿಕ್ಕಿತು. ಒಳಗೆ ಮಾಸಲು ಹಸಿರು ಪುಡಿ, ಮೇಲೆ ಎಲೆಯ ಚಿತ್ರ. ನಾನು ಪಕ್ಕದಲ್ಲೇ ಇದ್ದೆ. ಮೆಹಂದಿ ಪುಡಿ ಎಂದುಕೊಂಡು, ಇವನಿಗೇಕೆ ಮೆಹಂದಿ ಎಂದು ನಗು ಬಂತು.

“ಏನಿದು?” ಎಂದಳು ಅವ್ವ.

“ತಪ್ಪಲದ ಪುಡಿ ಅವ್ವಾ. ಗಿಡಮೂಲಿಕಿ. ಓದಾಕ ಛಲೋ ಅಂತ. ಟ್ಯೂಷನ್ನ್ಯಾಗ ಒಬ್ಬ ಹುಡುಗ ಕೊಟ್ಟಾನ.”

“ಯಾವ ಗಿಡದ್ದು?”

ತಮ್ಮ ನಕ್ಕ. “ಹೆಸರ ಕೇಳಬಾರ್ದು ಅಂತ ನೀನ ಹೇಳ್ತಿ ಅಲ್ಲಾ.”

ಅವ್ವನೂ ನಕ್ಕುಬಿಟ್ಟಳು. ಬೆರಳ ತುದಿಗೆ ಚೂರು ಹಚ್ಚಿ ನಾಲಗೆಗೆ ಮುಟ್ಟಿಸಿ ಮುಖ ಕಿವುಚಿದಳು. ಕಹಿ ಇತ್ತು, ಹಾಗಾಗಿ ಒಳ್ಳೆಯದೇ ಇರಬೇಕು. ಮರುದಿನದಿಂದ ಆ ಪುಡಿ ನಮ್ಮ ಅಡುಗೆಮನೆಯಲ್ಲಿ, ಕಷಾಯದ ಪುಡಿಯ ಬಾಜುವಿನಲ್ಲಿ ಸ್ಟೀಲ್ ಡಬ್ಬಿಯೊಂದರಲ್ಲಿ ಕೂತಿತು. ಬೆಳಿಗ್ಗೆ ಅವ್ವ ತುಳಸಿ ಕಟ್ಟೆಯ ಕಳೆ ಕಿತ್ತು, ಕೈ ತೊಳೆದು, ಆ ಪುಡಿ ಕದಡಿ ಕುಡಿಯಲು ತಾನೇ ಅವನಿಗೆ ಮಜ್ಜಿಗೆ ಮಾಡಿಕೊಡುತ್ತಿದ್ದಳು. ಮಕ್ಕಳು ಕದ್ದು ಮುಚ್ಚಿ ಚಟ ಕಲಿಯುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಅದು ದೇವರ ಕೋಣೆಯ ಎದುರಿನ ಗೋಡೆಯ ಮಾಡದಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು.

ನಾನು ಒಮ್ಮೆ, “ಯಾವ ಪುಡಿ ಅಂತ ಕೇಳರ ಕೇಳು” ಎಂದೆ. ಅವ್ವ ನನ್ನನ್ನು ನೋಡಿದ ರೀತಿಗೆ ನನ್ನ ತೊಡೆ ಮತ್ತೆ ಉರಿದಂತಾಯಿತು.

ಮೊದಲಿನ ದಿನಗಳು ಎಲ್ಲರಿಗೂ ಹಿತವಾಗಿದ್ದವು ಎಂಬುದನ್ನು ಹೇಳಲೇಬೇಕು. ತಮ್ಮ ಶಾಂತನಾದ. ಮೊದಲು ಪುಸ್ತಕ ತೆರೆದರೆ ಕಾಲು ಅಲುಗಿಸುತ್ತಿದ್ದವನು ಈಗ ತಾಸುಗಟ್ಟಲೆ ಕದಲದೆ ಓದುತ್ತಿದ್ದ. ಅಪ್ಪ ಬೈದರೆ ತಿರುಗಿ ಮಾತಾಡುತ್ತಿರಲಿಲ್ಲ, ಮುಗುಳ್ನಗುತ್ತಿದ್ದ. ಜಕಾತಿ ನಾಕಾದಲ್ಲಿ ದಿನವೂ ಪಾಸಾಗುತ್ತಿದ್ದ, ಏಕೆಂದರೆ ಅಪ್ಪ ಹುಡುಕುತ್ತಿದ್ದ ಯಾವ ವಾಸನೆಯೂ ಅವನ ಬಾಯಲ್ಲಿರಲಿಲ್ಲ. ಓಣಿಯ ಹೆಂಗಸೊಬ್ಬಳು, “ಮಗಗ ಏನ್ ಕೊಡ್ತೀರಿ, ನಮಗೂ ಹೇಳ್ರಿ” ಎಂದು ಕೇಳಿದಾಗ ಅವ್ವ, “ಅದನ್ನ ಹೇಳಬಾರ್ದ್ರೀ” ಎಂದು ಸೆರಗು ಸರಿಮಾಡಿಕೊಂಡಳು. ಆಯಿಯ ಕೈಗುಣ ಆಗಲೇ ತನಗೆ ಬಂದಷ್ಟು ಬೀಗಿದಳು.

ಆಮೇಲೆ ಊಟ ಕಡಿಮೆಯಾಯಿತು. ಮುಖ ಇಳಿಯಿತು. ಪುಡಿ ಕೊಡುವ ಹುಡುಗ ಯಾರದೋ ಮದುವೆಗೆಂದು ಊರಿಗೆ ಹೋದಾಗ ತಮ್ಮನಿಗೆ ಮೂಗು ಸೋರಲು ಶುರುವಾಯಿತು. ಆಕಳಿಸುತ್ತಿದ್ದ, ಬೆವರುತ್ತಿದ್ದ, ಮಲಗಿದರೆ ಕಾಲು ಝಾಡಿಸುತ್ತಿದ್ದ. ಬಡಿಸಿದ ತಟ್ಟೆಯನ್ನು ಒಮ್ಮೆ ತಳ್ಳಿಬಿಟ್ಟ. ಅವ್ವ ನೆಗಡಿ ಎಂದು ಮೆಣಸಿನ ಕಷಾಯ ಕಾಯಿಸಿದಳು. ಆ ಹುಡುಗ ಊರಿಂದ ಬಂದ ದಿನ ಸಂಜೆ ನೆಗಡಿ ಇದ್ದಕ್ಕಿದ್ದಂತೆ ವಾಸಿಯಾಗಿ ತಮ್ಮ ಹಾಡು ಗುನುಗುತ್ತಾ ಮನೆಗೆ ಬಂದ. ಇದು ಇನ್ನೊಂದು ಸಲವೂ ಹೀಗೇ ಆದಾಗ ನನಗೆ ಸಂಶಯ ಬಂತು.

ಟ್ಯೂಷನ್ನಿನಿಂದ ಅವನನ್ನು ಕರೆದುಕೊಂಡು ಬರುವಾಗ ಎರಡನೇ ರೈಲ್ವೆ ಗೇಟು ಬಿದ್ದಿತ್ತು. ಸ್ಕೂಟರ್ ಆರಿಸಿ ನಿಂತೆ. ಹಿಂದೆ ಕೂತವನಿಗೆ, ತಿರುಗದೆಯೇ ಕೇಳಿದೆ.

“ಆ ಪುಡಿ ನಾಕ ದಿನ ಬಿಟ್ಟ ನೋಡೂಣೇನು?”

“ಬಿಟ್ಟ ನೋಡೀನಿ ಅಕ್ಕಾ.”

“ಮತ್ತ?”

ಗಾಡಿ ಬಂತು. ಎಲ್ಲ ಡಬ್ಬಿಗಳು ದಾಟಿದವು. ಗೇಟು ಏಳುವಾಗ, ಸುತ್ತಲಿನವರೆಲ್ಲ ಹಾರ್ನ್ ಹೊಡೆಯುತ್ತಿರುವಾಗ, ನನ್ನ ಕಿವಿಯ ಹತ್ತಿರ ಬಂದು ಹೇಳಿದ. “ಆಗ್ಲಿಲ್ಲ. ಮೈಯೆಲ್ಲಾ ಕಿತ್ತ ಬರತೈತಿ. ಬರೇ ತಪ್ಪಲ, ಅದೇನ್ ಮಾಡತೈತಿ ಅಂತ ತಿಳಕೊಂಡಿದ್ದೆ.”

ನನಗೆ ಹೆದರಿಕೆಯಾಯಿತು. ಮನೆ ಮುಟ್ಟಿದ ಮೇಲೆ ಅವ್ವನಿಗೆ ಹೇಳಿದೆ. ಅವಳಿಗೆ ಅದಕ್ಕೂ ಉತ್ತರವಿತ್ತು. ಔಷಧವನ್ನು ನಡುವೆ ಬಿಟ್ಟರೆ ಹಾಗೇ ಆಗುವುದು, ನೇಮ ತಪ್ಪಬಾರದು, ದಿನಾ ತಗೋ ಎಂದು ಅವನಿಗೇ ಬುದ್ಧಿ ಹೇಳಿದಳು. ಅಪ್ಪನಿಗೆ ಹೇಳಿದರೆ ಅವನು ಮತ್ತೊಮ್ಮೆ ಬಾಯಿ ಮೂಸಿ, “ಏನಿಲ್ಲ” ಎಂದ. ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಪರೀಕ್ಷೆ ಮುಗಿದ ಮೇಲೆ ತಮ್ಮನಿಗೆ ಮೈ ತುರಿಕೆ ಶುರುವಾಯಿತು. ಒಂದು ಶನಿವಾರ ಬೆಳಿಗ್ಗೆ ಬಚ್ಚಲಿನಿಂದ ಬಂದವನ ಕಣ್ಣು ನೋಡಿ ಅವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಕಣ್ಣು ಅರಿಸಿನ ಕದಡಿದ ಹಾಗಿತ್ತು.

“ಕಾಮಣಿ,” ಎಂದಳು. ನಮ್ಮ ಮಾತಿನಲ್ಲಿ ಕಾಮಾಲೆಗೆ ಹಾಗೇ ಅನ್ನುವುದು. ಅಪ್ಪ ದವಾಖಾನೆಗೆ ಹೋಗೋಣ ಎಂದ. “ಡಾಕ್ಟರ ಮಂದಿನ ನಮ್ಮವ್ವನ ಹಂತ್ಯಾಕ ಬರ್ತಾರ, ನಾವು ಅವರ ಹಂತ್ಯಾಕ ಯಾಕ ಹೋಗೂದು?” ಎಂದಳು ಅವ್ವ. ಭಾನುವಾರ ಖಾನಾಪುರ, ಸೋಮವಾರ ಡಾಕ್ಟರು ಎಂದು ರಾಜಿಯಾಯಿತು. ಅಪ್ಪ ಪಾಳಿಗೆ ಹೋದ. ನಾವು ಮೂವರು ಸಂಜೆಯ ಬಸ್ಸು ಹಿಡಿದೆವು. ಅವ್ವ ದಾರಿಯುದ್ದಕ್ಕೂ ನಿಶ್ಚಿಂತೆಯಿಂದ ಶೇಂಗಾ ತಿಂದಳು.

ಭಾನುವಾರ ಬೆಳಿಗ್ಗೆ ತಮ್ಮನನ್ನು ಸಾಲಿನಲ್ಲೇ ಕೂಡಿಸಲಾಯಿತು. ಮೊಮ್ಮಗನೆಂದು ಆಯಿ ಮುಂದೆ ಕರೆಯಲಿಲ್ಲ. ಅವನ ಪಾಳಿ ಬಂದಾಗ ಕಲಾಯಿ ಹಾಕಿದ ಹಿತ್ತಾಳೆಯ ಬಟ್ಟಲು ಹಿಡಿದು ಅವನ ಮುಂದೆ ಕುಕ್ಕರಿಸಿ, ಎಲ್ಲರಿಗೂ ಕೇಳುವುದನ್ನೇ ಕೇಳಿದಳು.

“ಹೊಟ್ಯಾಗ ಬ್ಯಾರೆ ಏನರ ಔಷಧ ಐತೇನು?”

ತಮ್ಮ ಬಾಯಿ ತೆರೆಯುವ ಮೊದಲೇ ಅವ್ವ ಹಿಂದಿನಿಂದ, “ಇಲ್ಲ ಬೇ, ಕೊಡು” ಎಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಪುಡಿ ಅವಳ ಮಟ್ಟಿಗೆ ಚಹಾದಷ್ಟು ಬಳಕೆಯಾಗಿಬಿಟ್ಟಿತ್ತು. ಆದರೆ ತಮ್ಮ ಎರಡು ಔಷಧ ಕೂಡಬಾರದೆಂಬ ನೇಮಕ್ಕೆ ಅಂಜುವವನು.

“ಐತಿ ಆಯಿ,” ಎಂದ. “ಒಂದು ಪುಡಿ ತಗೋತೀನಿ. ಭಾಳ ದಿನಾ ಆತು. ಬಿಡಾಕ ಬರವಲ್ದು.”

ಸಾಲಿನಲ್ಲಿ ಕೂತವರು ಕತ್ತು ಚಾಚಿದರು. ಆಯಿ ಬಟ್ಟಲು ಕೆಳಗಿಟ್ಟಳು.

“ಎದರ ಪುಡಿ?”

“ಯಾವುದೋ ತಪ್ಪಲದ್ದು.”

“ಹೆಸರೇನು?”

“ಗೊತ್ತಿಲ್ಲ. ಕೇಳಿಲ್ಲ. ಕೇಳಬಾರ್ದಲ್ಲಾ ಆಯಿ.”

ಅವನು ಅಣಕಿಸಿ ಹೇಳಿದ್ದಲ್ಲ. ಪಾಠ ಒಪ್ಪಿಸಿದ ಹಾಗೆ ಹೇಳಿದ. ಆಯಿ ತಲೆಯೆತ್ತಿ ಅವ್ವನನ್ನು ನೋಡಿದಳು. “ನೀನರ ಕೇಳಿದೇನ?” ಅವ್ವ ಇಲ್ಲವೆಂದು ತಲೆಯಾಡಿಸಿದಳು. ಆಯಿ ಎದ್ದು ಬಟ್ಟಲಿನ ರಸವನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. ಅವಳು ರಸವನ್ನು ಹಾಗೆ ಚೆಲ್ಲಿದ್ದನ್ನು ನಾನು ಎಂದೂ ನೋಡಿರಲಿಲ್ಲ.

“ದವಾಖಾನಿಗೆ ಕರಕೊಂಡ ಹೋಗ್ರಿ. ಈಗ ಹೋಗ್ರಿ. ಇಲ್ಲೆ ಕುಂದರಬ್ಯಾಡ್ರಿ.”

ಬೆಳಗಾವಿಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು, ಭರ್ತಿ ಮಾಡಿಕೊಂಡರು. ಏನೇನು ತಿಂದಿದ್ದೀಯ ಎಂದು ಡಾಕ್ಟರಮ್ಮ ಕೇಳಿದಾಗ ತಮ್ಮ ಹಾಸಿಗೆಯಿಂದಲೇ ಆ ಹುಡುಗನಿಗೆ ಫೋನ್ ಮಾಡಿ ಪುಡಿಯ ಹೆಸರು ಕೇಳಿದ. ಇಷ್ಟು ದಿನಗಳಲ್ಲಿ ಅದು ಮೊದಲ ಸಲ. ಕ್ರೇಟಮ್ ಎಂಬ ಮರದ ಎಲೆಯಂತೆ. ಥಾಯ್ಲೆಂಡಿನ ಕಡೆ ಬೆಳೆಯುವುದಂತೆ. ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು: ಅಫೀಮು ಮೆದುಳಿನಲ್ಲಿ ಯಾವ ಬಾಗಿಲು ತಟ್ಟುತ್ತದೋ ಇದೂ ಅದೇ ಬಾಗಿಲು ತಟ್ಟುತ್ತದೆ, ಅದಕ್ಕೇ ಬಿಡಲು ಹೋದರೆ ಮೈ ಹಿಂಡುತ್ತದೆ, ಕೆಲವರಿಗೆ ಇದು ಲಿವರಿಗೂ ಹೊಡೆಯುತ್ತದೆ, ನಿಮ್ಮ ಹುಡುಗನಿಗೆ ಹೊಡೆದಿರುವ ಹಾಗೆ ಕಾಣುತ್ತದೆ. ಲಿವರ್ ಸುಧಾರಿಸುತ್ತದೆ ಎಂದರು. ಚಟದ ಬಗ್ಗೆ ಮಾತ್ರ ಹಾಗೆ ಖಂಡಿತವಾಗಿ ಹೇಳಲಿಲ್ಲ. ಅದಕ್ಕೆ ಬೇರೆ ಡಾಕ್ಟರು ಬಂದು ನೋಡಿದರು.

“ಮನೆಯಲ್ಲಿ ಬೇರೆ ಗಿಡಮೂಲಿಕೆ ಏನಾದರೂ ಕೊಟ್ಟಿದ್ದೀರಾ?” ಎಂದು ಡಾಕ್ಟರಮ್ಮ ಅವ್ವನನ್ನು ಕೇಳಿದರು. “ಮೆಣಸಿನ ಕಷಾಯ ಅಷ್ಟ,” ಎಂದಳು ಅವ್ವ. ಅಪ್ಪ ಮಂಚದ ಬದಿಗೆ ಕೂತು ಮಗನ ಮುಖದ ಹತ್ತಿರ ಬಗ್ಗಿದ, ಬಹುಶಃ ಅಭ್ಯಾಸ ಬಲದಿಂದ. ಮೂಸಲು ಏನೂ ಇರಲಿಲ್ಲ. ಹಣೆಯ ಮೇಲೆ ಕೈಯಿಟ್ಟು ಕೂತ.

ಆಸ್ಪತ್ರೆಯ ಆ ದಿನಗಳನ್ನು ಬರೆಯಲು ನನಗೆ ಮನಸ್ಸಿಲ್ಲ. ಅವನ ಕಾಲು ಒತ್ತುತ್ತಾ ಕೂತಿರುತ್ತಿದ್ದೆ. ಅವನು ಒಮ್ಮೆ ಅಪ್ಪನ ಮೇಲೆ ಕೂಗಾಡಿದ, ಒಮ್ಮೆ ನನ್ನ ಕೈ ಹಿಡಿದು ಸ್ವಲ್ಪವೇ ತಂದುಕೊಡು ಎಂದು ಅತ್ತ. ಮನೆಗೆ ಬಂದ ಮೇಲೆ ನಾನು ಆ ಸ್ಟೀಲ್ ಡಬ್ಬಿ ತೊಳೆದೆ. ಅಪ್ಪ ಮತ್ತು ನಾನು ಟ್ಯೂಷನ್ ಮಾಸ್ತರರ ಹತ್ತಿರ ಹೋಗಿ ವಿಷಯ ಹೇಳಿದೆವು. ಅವರು ಉಳಿದ ಮಕ್ಕಳ ಮನೆಯವರಿಗೂ ತಿಳಿಸಿದರು. ಒಂದಿಬ್ಬರು ಬಂದು ಉಪಕಾರವಾಯಿತು ಎಂದರು. ಇನ್ನು ಕೆಲವರು ನಮ್ಮ ಮಕ್ಕಳ ಹೆಸರು ಕೆಡಿಸಿದಿರಿ ಎಂದು ಮಾತು ಬಿಟ್ಟರು, ಇವತ್ತಿಗೂ ಬಿಟ್ಟಿದ್ದಾರೆ.

ಟಿಳಕವಾಡಿಯಲ್ಲಿ ಆ ಪುಡಿ ಕೈಯಳತೆಯಲ್ಲೇ ಇತ್ತು. ಸ್ವಲ್ಪ ಕಾಲ ಊರು ಬಿಟ್ಟಿರಲಿ ಎಂದು ಡಾಕ್ಟರೂ ಹೇಳಿದ್ದರಿಂದ, ತಮ್ಮನನ್ನು ಖಾನಾಪುರಕ್ಕೆ ಬಿಡಲು ಅವ್ವ ಮತ್ತು ನಾನು ಹೋದೆವು. ನಾವು ಮುಟ್ಟಿದ್ದು ಗುರುವಾರ ಬೆಳಿಗ್ಗೆ. ಅಂಗಳದಲ್ಲಿ ಎಂದಿನಂತೆ ಜನ ಕೂತಿದ್ದರು. ಆಯಿ ಹಿತ್ತಲಿಗೆ ಹೊರಟಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಮಾತಾಡಿಸಬಾರದೆಂದು ನಾವು ಬದಿಗೆ ಸರಿದೆವು. ಅವಳೇ ನಿಂತಳು.

“ಬಾ ಇಲ್ಲೆ,” ಎಂದು ತಮ್ಮನ ಮುಂಗೈ ಹಿಡಿದಳು. “ನೀವೂ ಬರ್ರಿ.”

ಹಿತ್ತಲಿನಲ್ಲಿ ಬಾವಿಯ ಕಟ್ಟೆಯ ಬದಿಗೆ, ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಗೇಣುದ್ದದ ಗಿಡಗಳು ಎದ್ದಿದ್ದವು. ಯಾರೂ ಬಿತ್ತದೆ ತಾವಾಗಿಯೇ ಹುಟ್ಟುವ ಕಳೆ. ಎಲೆಯ ಕಡ್ಡಿಯ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲು. ಆಯಿ ಒಂದನ್ನು ಬೇರುಸಮೇತ ಕಿತ್ತು ತಮ್ಮನ ಅಂಗೈಯಲ್ಲಿಟ್ಟಳು. ಅವಳೇನು ಮಾಡಲಿದ್ದಾಳೆಂದು ನಮ್ಮೆಲ್ಲರಿಗಿಂತ ಮೊದಲು ಅವ್ವನಿಗೆ ತಿಳಿಯಿತು.

“ಬ್ಯಾಡವಾ,” ಎಂದಳು ಅವ್ವ. “ಅವ್ವಾ, ಬ್ಯಾಡ.” ಹೇಳುತ್ತಲೇ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ತಾನೊಬ್ಬಳು ಕೇಳದಿದ್ದರೆ ಕೈಗುಣದಲ್ಲಿ ಏನಾದರೂ ಉಳಿದೀತೆಂದು ಅವಳ ಎಣಿಕೆಯಿದ್ದಿರಬೇಕು.

ಆಯಿ ಕಾಯಲಿಲ್ಲ. ಅಂಗಳದಲ್ಲಿ ಕೂತವರಿಗೂ ಕೇಳುವ ಹಾಗೆ ಹೇಳಿದಳು.

“ಇದು ನೆಲನೆಲ್ಲಿ. ನಾ ಎಲ್ಲಾರಿಗೂ ಕೊಡೂದು ಇದನ್ನ.”

“ಯಾಕ ಹೇಳಿದಿ ಆಯಿ?” ಎಂದ ತಮ್ಮ.

“ಕೇಳಬಾರ್ದು ಅನ್ನೂದನ್ನ ನನ್ನ ಮನ್ಯಾಗ ಕಲತಿ. ಕೇಳೂದನ್ನೂ ಇಲ್ಲೇ ಕಲಿ. ಹೊಟ್ಟಿಗೆ ಹೋಗೂದು ಏನ ಇರ್ಲಿ, ಯಾರ ಕೊಡ್ಲಿ, ನಾನ ಕೊಡ್ಲಿ, ಹೆಸರ ಕೇಳು.”

ಆಮೇಲೆ ಅಂಗಳಕ್ಕೆ ಬಂದು, ಕೂತವರಿಗೆ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ, ತನ್ನ ಕೈಯಲ್ಲಿ ಇನ್ನು ಏನೂ ಇಲ್ಲ, ಸರಕಾರಿ ದವಾಖಾನೆಗೆ ಹೋಗಿ ಎಂದಳು. ಜನ ನಂಬದೆ ಬಹಳ ಹೊತ್ತು ಕೂತೇ ಇದ್ದರು. ಲೋಂಡಾದಿಂದ ಬಂದ ಮುದುಕನೊಬ್ಬ ಸಿಟ್ಟಿನಿಂದ ಏನೋ ಅಂದ. ಆಯಿ ಹಿತ್ತಾಳೆ ಬಟ್ಟಲನ್ನು ತೊಳೆದು, ಒರೆಸಿ, ಮಾಮಾನ ಹೆಂಡತಿಗೆ ಕಾಳು ಹಾಕಿಡಲು ಕೊಟ್ಟಳು. ನಮ್ಮ ಮುಂದೆ ಅಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಅವ್ವ ಆಯಿಯ ಜೊತೆ ಕೆಲವು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಮೊಮ್ಮಗನ ಮುಂದೆ ಮಗಳನ್ನು ಮರೆತಳು ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು. ತಮ್ಮ ಖಾನಾಪುರದಿಂದ ಬಂದು ಬೆಳಗಾವಿಯಲ್ಲೇ ಬಿ.ಎಸ್ಸಿಗೆ ಸೇರಿದ. ಒಮ್ಮೆ ಜಾರಿದ, ಮತ್ತೆ ಡಾಕ್ಟರ ಹತ್ತಿರ ಹೋದೆವು. ಅಪ್ಪ ಮೂಸುವುದನ್ನು ಬಿಟ್ಟು, ಸಂಜೆ ಬಂದವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಚಹಾ ಕುಡಿಯುತ್ತಾನೆ. ಇಬ್ಬರಿಗೂ ಮಾತಾಡಲು ವಿಷಯ ಸಿಗುವುದಿಲ್ಲ, ಆದರೂ ಕೂತಿರುತ್ತಾರೆ.

ಈ ಮಳೆಗಾಲದಲ್ಲಿ ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಕಾಯಿಪಲ್ಲೆ ಹೆಚ್ಚುತ್ತಿದ್ದೆ. ತಮ್ಮ ಕಾಲೇಜಿನಿಂದ ಬಂದವನು ಬೂಟು ಕಳಚದೆ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಒಂದು ಪಾಕೀಟು ಇಟ್ಟ.

“ಅವ್ವಾ, ಇದು ಕ್ರೇಟಮ್. ಒಬ್ಬಾವ ಕೊಟ್ಟಾ. ಬ್ಯಾಡ ಅನ್ನಾಕ ಆಗ್ಲಿಲ್ಲ, ತಗೊಂಡ ಬಂದೀನಿ. ಇನ್ನೂ ತಿಂದಿಲ್ಲ.”

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಎದ್ದು ಪಾಕೀಟು ತೆಗೆದುಕೊಂಡು ಹೋಗಿ ಬಚ್ಚಲಿನಲ್ಲಿ ಸುರಿದು, ನೀರು ಹಾಕಿ, ಕೈಗೆ ಸಾಬೂನು ಹಚ್ಚಿ ತೊಳೆದು ಬಂದಳು. ಮತ್ತೆ ಕೂತು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅವನ ಕಡೆ ನೋಡದೆ ಕೇಳಿದಳು.

“ಅವತ್ತ ಹಿತ್ತಲದಾಗ ಆಯಿ ಏನ್ ಹೆಸರ ಹೇಳಿದ್ಲು?”

ತಮ್ಮ ನನ್ನ ಮುಖ ನೋಡಿದ. ನಾನು ಹೇಳು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದೆ.

“ನೆಲನೆಲ್ಲಿ.”

“ಅದು ಯಾವದು?”

ಅವನು ಅವಳನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋದ. ತುಳಸಿ ಕಟ್ಟೆಯ ಬುಡದಲ್ಲಿ ಮಳೆಗೆ ಎದ್ದಿದ್ದ ಗಿಡಗಳಲ್ಲಿ ಒಂದನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಅವ್ವ ಬಗ್ಗಿ ನೋಡಿದಳು.

“ಇದಾ?” ಎಂದಳು. “ಇದನ್ನ ನಾ ದಿನಾ ಕಿತ್ತ ಒಗೀತೀನಲ್ಲೋ.”

ಅವಳು ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿಕೊಂಡು ತಮ್ಮನ ಭುಜ ಹಿಡಿದಳು. ಹಿಟ್ಟು ಅವನ ಅಂಗಿಗೆ ಹತ್ತಿತು.

“ಮತ್ತ ಯಾರರ ಕೊಟ್ರೂ ಹಿಂಗ ತಂದ ನನ್ನ ಮುಂದ ಇಡು. ನಾ ಹೆಸರ ಕೇಳ್ತೀನಿ,” ಎಂದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಬಂದು ಒಳಗೆ ಓಡಿದಳು.